ಹನ್ನೆರಡು ಬಡಿತದ ಖಾತ್ರಿ

ಎದೆಬಿಲ್ಲೆಯನ್ನು ನೀವು ನೋಡಿಯೇ ಇರುತ್ತೀರಿ. ಹಳೆಯ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ದೀಪ. ಎಡ ಎದೆಗೆ ಒತ್ತಿ ಹಿಡಿದರೆ ಹನ್ನೆರಡು ಬಡಿತ ಓದಿಕೊಂಡು ಹಸಿರು ತೋರಿಸುತ್ತದೆ. ಹಸಿರು ಬಂದರೆ 'ಜೋಡುದಾರಿ' ಆ್ಯಪಿನಲ್ಲಿ ನೀವು ಬರೆದದ್ದು ಆ ಕಡೆಯವರಿಗೆ ಮುಟ್ಟುತ್ತದೆ, ಕೆಂಪು ಬಂದರೆ ಇಲ್ಲ. ಆ ಬಿಲ್ಲೆಯನ್ನು ಮಾಡಿದವಳು ನಾನಲ್ಲ. ಕೆಂಪು ಬಂದಾಗ ಏನು ಮಾಡಬೇಕೆಂಬ ನಿಯಮ ಬರೆದವಳು ನಾನು. ಬರೆದ ವರ್ಷ ನನಗೆ ಬಡ್ತಿ ಕೊಟ್ಟು ಶಾಲು ಹೊದಿಸಿದರು. ಆ ಶಾಲು ಈಗಲೂ ಕಪಾಟಿನಲ್ಲಿದೆ, ಹೊರಗೆ ತೆಗೆಯುವ ಮುಖ ನನಗಿಲ್ಲ.

ಆ ಹೊತ್ತಿಗೆ ಮುಖ ನಂಬುವ ಕಾಲ ಮುಗಿದಿತ್ತು. ಒಂದು ಫೋಟೊ ಸಿಕ್ಕರೆ ಸಾಕು, ಯಂತ್ರಗಳು ಆ ಮುಖವನ್ನು ವಿಡಿಯೊದಲ್ಲಿ ಗಂಟೆಗಟ್ಟಲೆ ನಗಿಸುತ್ತಿದ್ದವು, ಅಳಿಸುತ್ತಿದ್ದವು, ಪ್ರೀತಿ ಮಾಡಿಸುತ್ತಿದ್ದವು. ದನಿಯ ಪಾಡೂ ಅಷ್ಟೇ. ಗುರುತಿನ ಚೀಟಿಯ ಮಾತೇ ಬೇಡ. ಅದಕ್ಕೇ ನಮ್ಮ ಆ್ಯಪಿನಲ್ಲಿ ಇಬ್ಬರು ಎದುರಾಬದುರು ಭೇಟಿಯಾಗುವ ತನಕ ಫೋಟೊ ಇಲ್ಲ, ದನಿ ಇಲ್ಲ, ಫೋನ್ ನಂಬರಿಲ್ಲ. ಹೆಸರು, ಊರು, ವಯಸ್ಸು, ಬರವಣಿಗೆ, ಇಷ್ಟೇ. ಪ್ರತಿ ಸಲ ಬರೆಯುವ ಮೊದಲು ಎದೆಗೆ ಬಿಲ್ಲೆ ಒತ್ತಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ನಮ್ಮ ಕಚೇರಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದೆವು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಬಿಲ್ಲೆಯ ಒಳಗಿನ ಗುಟ್ಟು ಸಿರಾಜ್ ಮನಿಯಾರನದು. ನಮ್ಮ ಪ್ರಯೋಗಾಲಯದ ಮುಖ್ಯ ಎಂಜಿನಿಯರ್, ಬೆರಳಲ್ಲಿ ಸದಾ ಪೆನ್ಸಿಲ್ ತಿರುಗಿಸುತ್ತಿದ್ದ ಮನುಷ್ಯ. ಪ್ರತಿ ಬಡಿತಕ್ಕೂ ಎದೆಯಲ್ಲಿ ಸಣ್ಣದೊಂದು ವಿದ್ಯುತ್ತು ಓಡುತ್ತದೆ, ಅದು ಓಡುವ ದಾರಿ ಒಬ್ಬೊಬ್ಬರಿಗೆ ಒಂದೊಂದು ಥರ. ಹಾಳೆಯ ಮೇಲೆ ಗೀಚಿ ತೋರಿಸುತ್ತಿದ್ದ: ಮೊದಲು ಸಣ್ಣ ದಿಬ್ಬ, ಆಮೇಲೆ ಚೂಪಾದ ಗೋಪುರ, ಕೊನೆಗೆ ನಿಧಾನಕ್ಕೆ ಏರಿ ಇಳಿಯುವ ಗುಡ್ಡ. ಓಡಿ ಬಂದರೆ, ಸಿಟ್ಟು ಬಂದರೆ, ಜ್ವರ ಬಂದರೆ ಬಡಿತದ ವೇಗ ಹೆಚ್ಚೀತು, ಆದರೆ ದಿಬ್ಬ, ಗೋಪುರ, ಗುಡ್ಡದ ರೂಪ ಬದಲಾಗದು. ಇದನ್ನು ಕಲಿಸಲು ಯಂತ್ರಕ್ಕೆ ನಾಲ್ಕು ಸಾವಿರ ಜನರ ಎದೆ ತೋರಿಸಿದ್ದೆವು. ಎಲ್ಲರೂ ಕಾಲೇಜುಗಳಿಂದ, ಕಂಪನಿಗಳಿಂದ ಬಂದವರು, ಇಪ್ಪತ್ತರಿಂದ ಮೂವತ್ತೈದರ ಒಳಗಿನವರು. ಜೊತೆ ಹುಡುಕುವವರು ಅದೇ ವಯಸ್ಸಿನವರು ಎಂದು ನಾವೆಲ್ಲ ತಿಳಿದಿದ್ದೆವು. ನನ್ನ ಸ್ವಂತ ಅಕ್ಕ ನಲವತ್ತೊಂಬತ್ತರಲ್ಲಿ ಖಾತೆ ತೆರೆದಾಗಲೂ ಈ ತಿಳುವಳಿಕೆಯಲ್ಲಿ ಕೊರತೆ ಇದ್ದೀತೆಂದು ನನಗೆ ಹೊಳೆಯಲಿಲ್ಲ.

ಬಿಲ್ಲೆ ಬರುವ ಮೊದಲು ನಮ್ಮಲ್ಲಿ ಹನ್ನೊಂದು ಮಂದಿ ವಿಚಾರಣೆಯವರಿದ್ದರು. ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಮನೆತನ ನೋಡುವ ರೂಢಿಯುಂಟಲ್ಲ, ಅವರದು ಅದೇ ಕೆಲಸ. ಊರಿಗೆ ಹೋಗಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅರ್ಧ ದಿನ ಕೂತು, ಓಣಿಯ ನಾಲ್ಕು ಮನೆಗಳಲ್ಲಿ ನೀರು ಕೇಳಿ ಕುಡಿದು, ಮನುಷ್ಯ ಎಂಥವನೆಂದು ತಿಳಿದು ಬರುವುದು. ಒಬ್ಬೊಬ್ಬರ ವಿಚಾರಣೆಗೆ ಎಂಟು ದಿನ ಹಿಡಿಯುತ್ತಿತ್ತು. ಅದೇ ಕೆಲಸವನ್ನು ಹನ್ನೆರಡು ಬಡಿತದಲ್ಲಿ ಮುಗಿಸುವ ಬಿಲ್ಲೆ ಬಂದ ಮೇಲೆ ಇವರ ಚಹಾ ಯಾಕೆ? ಅವರನ್ನು ಮನೆಗೆ ಕಳಿಸಿದ ಕಾಗದಕ್ಕೂ ನನ್ನದೇ ಸಹಿ.

ಆಮೇಲೆ ಕಳ್ಳರು ರಂಗೋಲಿ ಕೆಳಗೆ ನುಸುಳಿದರು. ಯಾರದೋ ಬಡಿತ ಕದ್ದು, ಅದನ್ನು ರಬ್ಬರಿನ ಪಟ್ಟಿಯೊಳಗೆ ತುಂಬಿ, ಎದೆಗೆ ಅಂಟಿಸಿಕೊಂಡು ಬಿಲ್ಲೆಯನ್ನು ಮೋಸ ಮಾಡಿದರು. ರಾಣೆಬೆನ್ನೂರಿನ ಒಬ್ಬ ನರ್ಸ್ ಹಸಿರು ದೀಪ ನಂಬಿ ಭೇಟಿಗೆ ಹೋದಳು, ತಿರುಗಿ ಬರಲಿಲ್ಲ. ಅವಳ ತಾಯಿಯ ಜೊತೆ ಮಾತಾಡಬೇಕಾಗಿ ಬಂದದ್ದು ನನಗೆ. ಆ ತಾಯಿ ನನ್ನನ್ನು ಬೈಯಲಿಲ್ಲ. ನಿಮ್ಮ ದೀಪ ಹಸಿರಿತ್ತಲ್ಲರೀ ಅಂತ ಮೂರು ಸಲ ಕೇಳಿದರು, ಅಷ್ಟೇ. ಅವತ್ತಿನಿಂದ ನನಗೆ ಹಗ್ಗ ಕಂಡರೂ ಹಾವು.

ಸಿರಾಜ್ ಆ ರಬ್ಬರ್ ಪಟ್ಟಿಗಳನ್ನು ಪರೀಕ್ಷಿಸಿ ಅವುಗಳ ದೋಷ ಕಂಡುಹಿಡಿದ. ಮೈಯ ಬಿಸಿಗೆ ಪಟ್ಟಿಯೊಳಗಿನ ಅಲೆ ಕೆಡುತ್ತದೆ, ಕೊನೆಯ ಗುಡ್ಡ ತಲೆಕೆಳಗಾಗಿ ತಗ್ಗಾಗುತ್ತದೆ. ಗುಡ್ಡ ತಗ್ಗಾಗಿದ್ದರೆ ಕೆಂಪು ತೋರಿಸು ಎಂದು ಯಂತ್ರಕ್ಕೆ ಕಲಿಸಿದೆವು. ನಾನು ನಿಯಮ ಬರೆದೆ. ವಾರದಲ್ಲಿ ಮೂರು ಸಲ ಕೆಂಪು ಬಂದರೆ ಖಾತೆ ಕಾಯಂ ಬಂದ್. ನಮ್ಮವರು ಯಾರೂ ಆ ವ್ಯಕ್ತಿಗೆ ಫೋನ್ ಮಾಡಕೂಡದು, ಮನೆಗೆ ಹೋಗಕೂಡದು. ಯಾಕೆಂದರೆ ಮೋಸಗಾರರಿಗೆ ನಮಗಿಂತ ಚೆನ್ನಾಗಿ ಮಾತು ಬರುತ್ತದೆ, ಒಮ್ಮೆ ಮಾತಿಗೆ ಕೂತರೆ ನಮ್ಮವರೇ ಕರಗುತ್ತಾರೆ. ಆ ನಿಯಮ ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿತು. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ನನ್ನ ಅಕ್ಕ ಅನಸೂಯಾ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂಡುತ್ತಾಳೆ. ಯಾವ ಊರಿಗೆ ಎಷ್ಟೊತ್ತಿಗೆ ಬಸ್ಸು, ಯಾವ ಕಟ್ಟೆಗೆ ಬರುತ್ತದೆ, ಹೇಳುವುದು ಅವಳ ಕೆಲಸ. ಬೋರ್ಡಿನ ಮೇಲೆ ಎಲ್ಲ ಬರೆದಿರುತ್ತದೆ, ಮೊಬೈಲಿನಲ್ಲೂ ಬರುತ್ತದೆ. ಆದರೂ ಜನ ಕಿಟಕಿಗೇ ಬಂದು ಕೇಳುತ್ತಾರೆ. ಮನುಷ್ಯರ ಬಾಯಿಂದ ಕೇಳಿದರೆ ಬಸ್ಸು ಬಂದೇ ಬರುತ್ತದೆಂಬ ನಂಬಿಕೆ ಅವರಿಗೆ ಅಂತ ಅಕ್ಕ ನಗುತ್ತಿದ್ದಳು. ಅವಳ ಗಂಡ, ನಮ್ಮ ಮಾವ, ಹೋಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಸೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಭಾನುವಾರ ನಾನು ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಜೋಡುದಾರಿಯಲ್ಲಿ ಅವಳಿಗೆ ಖಾತೆ ತೆರೆದುಕೊಟ್ಟವಳೂ ನಾನೇ. ಈ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು ಅಂತ ಬೈದಳು, ಬಿಲ್ಲೆಯನ್ನು ಮಾತ್ರ ತಿರುಗಿ ಕೊಡಲಿಲ್ಲ.

ಮೂರನೆಯ ತಿಂಗಳಿಗೆ ಚಿದಾನಂದ ಕೆರೂರ ಬಂದರು. ಗುಳೇದಗುಡ್ಡದ ದನದ ದವಾಖಾನೆಯಲ್ಲಿ ಕಂಪೌಂಡರ್, ಐವತ್ತೆರಡು ವಯಸ್ಸು, ಹೆಂಡತಿ ತೀರಿಕೊಂಡು ಬಹಳ ವರ್ಷ, ತಮ್ಮನ ಮನೆಯ ಮಾಳಿಗೆಯ ಮೇಲೆ ವಾಸ. ಅವರು ಪ್ರೀತಿ ಪ್ರೇಮದ ಮಾತು ಬರೆಯುತ್ತಿರಲಿಲ್ಲ. ಎಮ್ಮೆಗಳ ಬಗ್ಗೆ ಬರೆಯುತ್ತಿದ್ದರು. ಅವರ ಓಣಿಯ ಒಬ್ಬ ಗೃಹಸ್ಥನ ಎಮ್ಮೆ ಯಜಮಾನತಿಗೆ ಬಿಟ್ಟು ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲವಂತೆ. ಆಕೆ ತವರಿಗೆ ಹೋದಾಗ ಗಂಡ ಅವಳ ಸೀರೆ ಸುತ್ತಿಕೊಂಡು, ತಲೆ ತುಂಬ ಸೆರಗು ಹೊದ್ದು ಹಿಂಡಲು ಕೂತ. ಎಮ್ಮೆ ಕತ್ತು ತಿರುಗಿಸಿ ಮೂಸಿ ನೋಡಿ, ಜಾಡಿಸಿ ಒದ್ದಿತು. ಔಷಧ ಹಚ್ಚಲು ಇವರನ್ನು ಕರೆಸಿದ್ದರಂತೆ, ಎಮ್ಮೆಗಲ್ಲ, ಗಂಡನಿಗೆ. ನಿಮ್ಮ ತಂಗಿಯವರ ಕಚೇರಿಗೆ ಆ ಎಮ್ಮೆಯನ್ನೇ ನೇಮಿಸಿಕೊಳ್ಳಲು ಹೇಳಿ ಅಂತ ಬರೆದಿದ್ದರು. ಅಕ್ಕ ಇದನ್ನು ನನಗೆ ಓದಿ ಹೇಳುವಾಗ ನಗು ತಡೆಯಲಾರದೆ ಲಟ್ಟಣಿಗೆ ಕೆಳಗಿಟ್ಟಳು. ಮಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಏಳು ತಿಂಗಳು ದಿನಕ್ಕೆರಡು ಸಲ ಬರೆದುಕೊಂಡರು. ಶ್ರಾವಣದ ಮೊದಲ ಸೋಮವಾರ ಭೇಟಿಯೆಂದು ಗೊತ್ತಾಯಿತು. ಹುಬ್ಬಳ್ಳಿಗೆ ಅವರೇ ಬರುವುದು, ಅಕ್ಕನ ಕಿಟಕಿಯ ಮುಂದೆ ನಿಂತು ತಮ್ಮ ಹೆಸರು ಹೇಳುವುದು. ಅಕ್ಕ ತಿಳಿ ಹಸಿರು ಬಣ್ಣದ ಇಳಕಲ್ ಸೀರೆಗೆ ಫಾಲ್ ಹಚ್ಚಲು ಕೊಟ್ಟಳು. ಭೇಟಿಗೆ ಎಂಟು ದಿನವಿರುವಾಗ ಅವರ ಬಿಲ್ಲೆ ಮೊದಲ ಸಲ ಕೆಂಪು ತೋರಿಸಿತು. ಮರುದಿನ ಬೆಳಿಗ್ಗೆ ಹಸಿರು ಬಂತು, ಸಂಜೆ ಮತ್ತೆ ಕೆಂಪು. ಮೂರನೆಯ ಕೆಂಪು ಬಂದಾಗ ಕಡತ ನನ್ನ ವಿಭಾಗಕ್ಕೆ ಬಂತು.

ಸಂಬಂಧಿಕರ ಕಡತ ನಾವು ಮುಟ್ಟಬಾರದು. ಆದರೂ ನಾನೇ ತೆಗೆದುಕೊಂಡೆ. ಬೇರೆಯವರು ನೋಡಿದರೆ ಅಜಾಗರೂಕತೆ ಮಾಡಿಯಾರು, ಅಕ್ಕನ ಜೀವದ ಪ್ರಶ್ನೆ ಎಂದುಕೊಂಡೆ. ಪರದೆಯ ಮೇಲೆ ಅವರ ಅಲೆ ನೋಡಿದೆ. ಕೊನೆಯ ಗುಡ್ಡ ತಲೆಕೆಳಗಾಗಿತ್ತು. ರಾಣೆಬೆನ್ನೂರಿನ ಕಡತದಲ್ಲಿ ಇದ್ದಂಥದೇ ತಗ್ಗು.

ಅವತ್ತು ಸಂಜೆ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದೆ. ಅವಳು ನಂಬಲಿಲ್ಲ.

"ಆ ಮನಿಷಾ ಸುಳ್ಳಲ್ಲ, ಭುವನಾ. ಎಮ್ಮಿ ಬಗ್ಗೆ ಅಷ್ಟ ಚೊಲೋ ಸುಳ್ಳ ಯಾರಿಗೂ ಹೇಳಾಕ ಬರಂಗಿಲ್ಲ."

ಕತೆ ಕಟ್ಟುವುದೇ ಆ ಜನರ ಕಸುಬು, ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದೆ. ಹಾಗಾದರೆ ನೀನೇ ಒಮ್ಮೆ ಗುಳೇದಗುಡ್ಡಕ್ಕೆ ಹೋಗಿ ಮನೆತನ ನೋಡಿ ಬಾ, ಮೂರು ತಾಸಿನ ದಾರಿ, ಒಂಬತ್ತೂವರೆಗೆ ನೇರ ಬಸ್ಸಿದೆ ಅಂದಳು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದೆ. ನಿಯಮ ಬರೆದವಳು ನೀನೇ ಅಲ್ಲವೇನು ಅಂತ ಕೇಳಿದಳು. ಅದಕ್ಕೇ ಮುರಿಯಲಾರೆ ಅಂದೆ. ತಾನಾದರೂ ಹೋಗಿ ಬರುತ್ತೇನೆ ಅಂದಾಗ ನನಗೆ ಆ ನರ್ಸಿನ ತಾಯಿ ಕಣ್ಣ ಮುಂದೆ ಬಂದರು. ಅಕ್ಕನ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿಕೊಂಡೆ. ಹೋಗುವುದಿಲ್ಲ, ಹುಡುಕುವುದಿಲ್ಲ ಅಂತ ಹೇಳಿಸಿದೆ. ಅಕ್ಕ ಹೇಳಿದಳು. ಚಿಕ್ಕಂದಿನಿಂದ ನನ್ನ ಮೇಲಿನ ಆಣೆಯನ್ನು ಅವಳು ಮುರಿದವಳಲ್ಲ.

ಮರುದಿನ ಕಚೇರಿಯಲ್ಲಿ ಖಾತೆ ಬಂದ್ ಮಾಡಿದೆ. ಅಕ್ಕನ ಮೊಬೈಲಿಗೆ ಸಂದೇಶ ಹೋಯಿತು: ಈ ವ್ಯಕ್ತಿ ಖಾತ್ರಿಯಾಗಿಲ್ಲ, ನೀವು ಸುರಕ್ಷಿತವಾಗಿದ್ದೀರಿ.

ಎರಡು ದಿನ ಅಕ್ಕ ಅತ್ತಳು, ಆಮೇಲೆ ಸಿಟ್ಟಿಗೆ ಬಿದ್ದಳು. ಕಿಟಕಿಗೆ ಬಂದವರ ಮೇಲೆಲ್ಲ ಸಿಡಿಮಿಡಿ. ಮೇಲಧಿಕಾರಿ ಕರೆದು ಬುದ್ಧಿ ಹೇಳಿದರಂತೆ. ಸಿಟ್ಟು ಇಳಿದ ಮೇಲೆ ಒಂಥರ ಗಟ್ಟಿಯಾದಳು. ನಿಲ್ದಾಣದ ಹೆಣ್ಣುಮಕ್ಕಳಿಗೆ ತನ್ನ ಕತೆಯನ್ನೇ ಹೇಳಿ ಎಚ್ಚರಿಸುತ್ತಿದ್ದಳು. ಯಾರೋ ಒಬ್ಬ ಠಕ್ಕ ಕಂಪೌಂಡರ್ ಎಮ್ಮೆಯ ಕತೆ ಹೇಳಿ ನನ್ನನ್ನು ಮರುಳು ಮಾಡಿದ್ದ, ನನ್ನ ತಂಗಿ ಉಳಿಸಿದಳು ಅನ್ನುತ್ತಿದ್ದಳು. ಕೇಳಿ ನನಗೆ ಹೆಮ್ಮೆ ಅನ್ನಿಸುತ್ತಿತ್ತು. ಬರೆಯಲು ಹೇಸಿಗೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಹೀಗೆ ಹತ್ತು ತಿಂಗಳು ಕಳೆದವು. ಒಂದು ಬುಧವಾರ ಸಿರಾಜ್ ಕಚೇರಿಗೆ ಬರಲಿಲ್ಲ, ಗುರುವಾರವೂ ಬರಲಿಲ್ಲ. ಶುಕ್ರವಾರ ಬಂದವನು ಗಡ್ಡ ಕೂಡ ಮಾಡಿಕೊಂಡಿರಲಿಲ್ಲ. ನನ್ನನ್ನು ಪ್ರಯೋಗಾಲಯಕ್ಕೆ ಕರೆದು ಬಾಗಿಲು ಹಾಕಿಕೊಂಡ. ಎರಡು ವರ್ಷದ ಹಿಂದೆ, ಬಿಲ್ಲೆ ಹೊಸತಾಗಿದ್ದಾಗ, ತಮಾಷೆಗೆ ತನ್ನ ತಂದೆಯ ಬಡಿತವನ್ನು ಮನೆಯ ಯಂತ್ರದಲ್ಲಿ ದಾಖಲು ಮಾಡಿಕೊಂಡಿದ್ದನಂತೆ. ಮಂಗಳವಾರ ಊಟವಾದ ಮೇಲೆ ಹೊಸ ಬಿಲ್ಲೆಯೊಂದನ್ನು ಪರೀಕ್ಷಿಸಲು ಮತ್ತೆ ಅವರ ಎದೆಗೆ ಒತ್ತಿದ. ಕೆಂಪು ಬಂತು.

"ನಮ್ಮಪ್ಪ ಎದುರಿಗೆ ಕುಂತಾನ್ರಿ ಮೇಡಂ. ಯಂತ್ರ ಅಂತೈತಿ, ಇಂವ ಬ್ಯಾರೆ ಮನಿಷಾ ಅಂತ."

ಬಿಲ್ಲೆಯೇ ಕೆಟ್ಟಿದೆಯೆಂದು ನಕ್ಕನಂತೆ. ಅಪ್ಪನೂ ನಕ್ಕರಂತೆ, ನಗುತ್ತಲೇ ಹಣೆಯ ಬೆವರು ಒರೆಸಿಕೊಂಡರಂತೆ. ಆ ಬೆವರು ನೋಡಿ ಇವನಿಗೆ ಅನುಮಾನ ಬಂದು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ಕಾಗದದ ಮೇಲಿನ ಅಲೆಯಲ್ಲಿ ಕೊನೆಯ ಗುಡ್ಡದ ಮೇಲೆ ಬೆರಳಿಟ್ಟರು. ಹೃದಯಕ್ಕೆ ಹೋಗುವ ರಕ್ತ ಕಡಿಮೆಯಾದಾಗ ಈ ಗುಡ್ಡ ತಲೆಕೆಳಗಾಗುತ್ತದೆ, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಅಂದರು. ಆಪರೇಷನ್ ಆಯಿತು, ತಂದೆ ಉಳಿದರು. ಸಿರಾಜ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಮ್ಮ ಹಳೆಯ ಕಡತಗಳನ್ನು ತೆರೆದನಂತೆ.

ನಾವು ಬಂದ್ ಮಾಡಿದ ಖಾತೆಗಳು ನಾನೂರ ಹನ್ನೆರಡು. ರಬ್ಬರ್ ಪಟ್ಟಿಯಲ್ಲಿ ಗುಡ್ಡ ಮೊದಲ ದಿನವೇ ಪೂರ್ತಿ ತಗ್ಗಾಗುತ್ತದೆ, ಹಾಗೆಯೇ ಇರುತ್ತದೆ. ಆದರೆ ಮೂವತ್ತೊಂದು ಕಡತಗಳಲ್ಲಿ ಗುಡ್ಡ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಕುಸಿದಿತ್ತು. ಒಂದು ದಿನ ಕುಸಿದು, ಮರುದಿನ ಚೇತರಿಸಿಕೊಂಡು, ಮತ್ತೆ ಕುಸಿದಿತ್ತು. ಆ ಮೂವತ್ತೊಂದೂ ಮಂದಿ ನಲವತ್ತೈದು ದಾಟಿದವರು. ಅವರಲ್ಲಿ ಒಂಬತ್ತು ಮಂದಿಯ ಮನೆಯವರು ಆಮೇಲೆ ನಮಗೆ ಕಾಗದ ಬರೆದಿದ್ದರು, ನಮ್ಮವರು ತೀರಿಕೊಂಡಿದ್ದಾರೆ, ಖಾತೆ ಅಳಿಸಿಹಾಕಿ ಎಂದು. ಆ ಕಾಗದಗಳು ಬೇರೆ ವಿಭಾಗಕ್ಕೆ ಹೋಗಿದ್ದವು. ಮೋಸಗಾರರ ಕಡತಕ್ಕೂ ಸಾವಿನ ಕಾಗದಕ್ಕೂ ಸಂಬಂಧ ಜೋಡಿಸುವ ಕೆಲಸ ಯಾರದೂ ಆಗಿರಲಿಲ್ಲ.

ನಾನು ಒಂದು ಹೆಸರು ಹೇಳಿದೆ. ಸಿರಾಜ್ ಹುಡುಕಿ ಪರದೆಗೆ ಹಾಕಿದ. ಐದು ದಿನಗಳ ಅಲೆಗಳನ್ನು ಒಂದರ ಕೆಳಗೊಂದು ಇಟ್ಟ. ಮೊದಲ ದಿನ ಗುಡ್ಡ ತುಸು ಸಪ್ಪೆ, ಮೂರನೆಯ ದಿನ ಸಪಾಟು, ಐದನೆಯ ದಿನ ತಗ್ಗು. ನಾನು ಅವತ್ತು ನೋಡಿದ್ದು ಐದನೆಯ ದಿನದ್ದೊಂದನ್ನೇ. ಐದನ್ನೂ ಜೋಡಿಸಿ ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಪೂರ್ತಿ ಐದು ದಿನ ಒಂದು ಎದೆ ತನ್ನ ಕಷ್ಟವನ್ನು ನಮಗೆ ಬರೆದು ಕಳಿಸಿತ್ತು, ನಾನು ಅದನ್ನು ಕಳ್ಳನ ಸಹಿಯೆಂದು ಓದಿದ್ದೆ. ಸಾವಿನ ಕಾಗದಗಳ ಪಟ್ಟಿಯಲ್ಲಿ ನಾಲ್ಕನೆಯದು ಗುಳೇದಗುಡ್ಡದ್ದು.

ಸಂಸ್ಥೆಯವರು ಕೆಟ್ಟವರಲ್ಲ. ಹದಿನೈದು ದಿನದಲ್ಲಿ ನಿಯಮ ಬದಲಾಯಿತು. ಗುಡ್ಡ ನಿಧಾನಕ್ಕೆ ಕುಸಿದರೆ ಈಗ ಹಳದಿ ದೀಪ ಬರುತ್ತದೆ, ಕೂಡಲೇ ಡಾಕ್ಟರೊಬ್ಬರು ಫೋನ್ ಮಾಡುತ್ತಾರೆ. ಆದರೆ ಆ ಮೂವತ್ತೊಂದು ಕಡತಗಳನ್ನು ಕೆದಕುವುದು ಬೇಡ, ಯಾರಿಗೂ ಒಳ್ಳೆಯದಾಗುವುದಿಲ್ಲ ಅಂದರು. ಬದುಕಿರುವವರಿಗಾದರೂ ಹೇಳಲೇಬೇಕೆಂದು ಸಿರಾಜ್ ಪಟ್ಟು ಹಿಡಿದು ಗೆದ್ದ. ಸತ್ತ ಒಂಬತ್ತು ಮಂದಿಯ ಕಡತ ಮುಚ್ಚಿಯೇ ಉಳಿಯಿತು. ನಾನು ಮೂರು ದಿನ ರಜೆ ಬರೆದುಕೊಟ್ಟು ಒಂಬತ್ತೂವರೆಯ ಬಸ್ಸು ಹತ್ತಿದೆ. ಅಕ್ಕನ ಕಣ್ಣಿಗೆ ಬೀಳಬಾರದೆಂದು ಹೊಸೂರು ಕ್ರಾಸಿನಲ್ಲಿ ಹತ್ತಿದೆ.

ಗುಳೇದಗುಡ್ಡದಲ್ಲಿ ಇಳಿದು, ನಮ್ಮ ಹನ್ನೊಂದು ವಿಚಾರಣೆಯವರು ಹೇಗೆ ಮಾಡುತ್ತಿದ್ದರೋ ಹಾಗೆಯೇ ಮಾಡಿದೆ. ಮೊದಲು ಚಹಾದಂಗಡಿ. ಅಂಗಡಿಯ ಮುದುಕ ಹೆಸರು ಕೇಳಿದೊಡನೆ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಕೂತ. ಚಿದಾನಂದಪ್ಪ ಕೈಯಲ್ಲಿ ಸೂಜಿ ಹಿಡಿದರೆ ದನ ಬೆದರುತ್ತಿರಲಿಲ್ಲ, ಒಂದು ದಿನ ಕುಡಿದವನಲ್ಲ, ಎಲೆ ಅಡಿಕೆ ಮಾತ್ರ ತಿನ್ನುತ್ತಿದ್ದ ಅಂದ. ದವಾಖಾನೆಯ ಡಾಕ್ಟರಮ್ಮ ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ ಅಂದರು. ಓಣಿಯಲ್ಲಿ ನೀರು ಕೇಳಿದ ಮೂರು ಮನೆಯವರೂ ಒಳ್ಳೆಯದನ್ನೇ ಹೇಳಿದರು. ಸೀರೆ ಉಟ್ಟು ಒದೆಸಿಕೊಂಡ ಗೃಹಸ್ಥನೂ ಸಿಕ್ಕ. ಕೇಳಿದ್ದಕ್ಕೆ ನಾಚಿಕೊಂಡು, ಹೌದು ಅಂದ. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಇಷ್ಟು ಪೂರ್ತಿಯಾಗಿ ಖಾತ್ರಿಯಾದ ಮನುಷ್ಯನನ್ನು ನಾನು ಕಂಡಿರಲಿಲ್ಲ. ಇದಕ್ಕೆಲ್ಲ ಹಿಡಿದದ್ದು ಎರಡೂವರೆ ತಾಸು.

ಕೊನೆಗೆ ಮನೆಗೆ ಹೋದೆ. ಬಾಗಿಲಿಗೆ ಬಂದವಳು ತಮ್ಮನ ಹೆಂಡತಿ ಸರೋಜಾ. ಹುಬ್ಬಳ್ಳಿಯಿಂದ ಬಂದೆ ಅಂದಾಗ ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ನೀವೇನಾ ಅವರು ಅಂತ ಕೇಳಿದಳು. ಅಲ್ಲ, ಅವರ ತಂಗಿ ಅಂದೆ. ಒಳಗೆ ಕರೆದು ಕೂಡಿಸಿ ನೀರು, ಬೆಲ್ಲ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೇಳಿದ ಪ್ರಕಾರ ನಡೆದದ್ದು ಹೀಗೆ. ಆ ವಾರ ಭಾವನವರು ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ಎದೆ ಉರಿಯುತ್ತದೆ ಅಂದರೆ ಇವಳು ಗ್ಯಾಸಿರಬೇಕೆಂದು ಅಜವಾನ ನೀರು ಮಾಡಿ ಕೊಡುತ್ತಿದ್ದಳು. ಹುಬ್ಬಳ್ಳಿಗೆ ಹೋಗುವ ಖುಷಿಗೆ ಅವರೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಿಲ್ಲೆ ಕೆಂಪು ತೋರಿಸಿದಾಗ ಒರೆಸಿ ಒರೆಸಿ ಮತ್ತೆ ಎದೆಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು.

"ರೊಟ್ಟಿ ಮುರದು ಹಂಗ ಕುಂತ್ರು. ಏನಾತ್ರಿ ಭಾವಾರ ಅಂದೆ. ಆಕಿಗೆ ಬ್ಯಾಡಂತವ್ವಾ, ಅಂದ್ರು. ಮತ್ತ ಆ ಸುದ್ದಿ ತಗೀಲಿಲ್ಲ."

ಆ ಸಂದೇಶ ಯಾವುದೆಂದು ನನಗೆ ಗೊತ್ತಿತ್ತು. ಮೋಸಗಾರನಿಗೆ ನೀನು ಸಿಕ್ಕಿಬಿದ್ದೆ ಎಂದು ಹೇಳಿದರೆ ಅವನು ಉಪಾಯ ಬದಲಿಸಿ ಬರುತ್ತಾನೆ. ಆದ್ದರಿಂದ ಕೆಂಪು ಬಂದವರಿಗೆ ಬೇರೆಯದೇ ಕಾರಣ ಹೇಳುತ್ತಿದ್ದೆವು. ಆ ವಾಕ್ಯವನ್ನೂ ನಾನೇ ಬರೆದಿದ್ದೆ. ಎದುರಿನವರು ನಿಮ್ಮೊಂದಿಗೆ ಮಾತು ಮುಂದುವರಿಸಲು ಇಚ್ಛಿಸುವುದಿಲ್ಲ, ದಯವಿಟ್ಟು ಅವರ ನಿರ್ಧಾರವನ್ನು ಗೌರವಿಸಿ. ಕಳ್ಳರಿಗೆ ಬರೆದದ್ದಾದರೂ ಎಷ್ಟು ಮೃದುವಾಗಿದೆ ಎಂದು ಸಭೆಯಲ್ಲಿ ಹೊಗಳಿದ್ದರು. ಚಿದಾನಂದ ಕೆರೂರರು ಅದನ್ನು ಅಕ್ಷರಶಃ ಗೌರವಿಸಿದ್ದರು.

ಎದ್ದು ಹೊರಡುವವಳಿದ್ದೆ. ಸರೋಜಾ ಇನ್ನೊಂದು ಮಾತಿದೆ ಅಂತ ಕೂಡಿಸಿದಳು. ಸಂದೇಶ ಬಂದ ಮೂರನೆಯ ದಿನ, ಮಂಗಳವಾರ, ಭಾವನವರು ಹುಬ್ಬಳ್ಳಿಗೆ ಹೋಗಿದ್ದರಂತೆ.

"ಕಿಟಕ್ಯಾಗ ಆಕಿನ್ನ ನೋಡಿ ಬಂದೆ ಅಂದ್ರು. ಮಾತಾಡ್ಸಿದ್ರೇನ್ರಿ ಅಂದ್ರ, ಗುಳೇದಗುಡ್ಡದ ಬಸ್ ಎಷ್ಟೊತ್ತಿಗೈತ್ರಿ ಅಂತ ಕೇಳ್ದೆ, ಹೇಳಿದ್ಳು ಅಂದ್ರು. ಹೆಸರ ಹೇಳ್ಲಿಲ್ಲಂತ. ಬ್ಯಾಡ ಅಂದಾಕಿ ಮುಂದ ನಿಂತು ಹೆಸರ ಹೇಳೂದು ಚೊಲೋ ಅಲ್ಲವ್ವಾ ಅಂದ್ರು."

ಅದಾದ ಒಂಬತ್ತನೆಯ ದಿನ ದವಾಖಾನೆಯ ಅಂಗಳದಲ್ಲಿ, ಕರುವೊಂದಕ್ಕೆ ಔಷಧ ಕುಡಿಸುತ್ತಿದ್ದಾಗ ಹೋಗಿಬಿಟ್ಟರು.

ತಿರುಗಿ ಬರುವ ಬಸ್ಸಿನಲ್ಲಿ ನಾನು ನನ್ನ ಜೊತೆಯೇ ವಾದ ಮಾಡಿದೆ. ಅಕ್ಕ ಹೇಗೋ ಸುಧಾರಿಸಿಕೊಂಡಿದ್ದಾಳೆ. ಠಕ್ಕನೊಬ್ಬ ಮೋಸ ಮಾಡಿದನೆಂಬ ಸಿಟ್ಟೇ ಅವಳನ್ನು ನಿಲ್ಲಿಸಿದೆ. ಅದನ್ನು ಕಿತ್ತುಕೊಂಡು ನಾನು ಕೊಡುವುದಾದರೂ ಏನು? ಒಂದು ಸಾವು. ಸುಮ್ಮನಿದ್ದರೆ ಅವಳು ನೆಮ್ಮದಿಯಾಗಿ ಮುದುಕಿಯಾಗುತ್ತಾಳೆ, ನನ್ನ ಮುಖವೂ ಉಳಿಯುತ್ತದೆ. ನರಗುಂದ ದಾಟುವ ತನಕ ಇದೇ ಸರಿ ಅನ್ನಿಸಿತು. ಆದರೆ ಒಬ್ಬ ಸಜ್ಜನನನ್ನು ಬಸ್ ಸ್ಟ್ಯಾಂಡಿನಲ್ಲಿ ದಿನವೂ ಕಳ್ಳನೆಂದು ಕರೆಯಲಾಗುತ್ತಿತ್ತು, ಕರೆಯುತ್ತಿದ್ದವಳು ಅವರನ್ನು ಪ್ರೀತಿಸಿದವಳು. ಅದನ್ನು ಹಾಗೇ ಬಿಡಲು ನನಗೆ ಮನಸ್ಸು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಹೋದೆ. ಅಕ್ಕ ನೆಲದ ಮೇಲೆ ಕೂತು ಮೆಂತ್ಯದ ಪಲ್ಲೆ ಸೋಸುತ್ತಿದ್ದಳು. ನಾನೂ ಎದುರು ಕೂತು ಒಂದು ಕಟ್ಟು ಬಿಚ್ಚಿಕೊಂಡೆ. ಕಣ್ಣು ಸೊಪ್ಪಿನ ಮೇಲಿಟ್ಟುಕೊಂಡೇ ಎಲ್ಲ ಹೇಳಿದೆ. ಸಿರಾಜನ ತಂದೆಯ ವಿಷಯ, ಕುಸಿದ ಗುಡ್ಡ, ಚಹಾದಂಗಡಿ, ಒದೆಸಿಕೊಂಡ ಗೃಹಸ್ಥ, ದವಾಖಾನೆಯ ಅಂಗಳ. ಅವರು ನಿಜವಾಗಿದ್ದರು, ಅಕ್ಕಾ, ಹೋದ ಶ್ರಾವಣದಲ್ಲೇ ತೀರಿಕೊಂಡರು ಅಂದೆ. ತಪ್ಪು ನನ್ನದು ಅಂದೆ. ನೀನು ಹೋಗಿ ನೋಡು ಅಂದಿದ್ದೆ, ನಾನು ಹೋಗಲಿಲ್ಲ ಅಂದೆ.

ಅಕ್ಕನ ಕೈ ಕೆಲಸ ಮಾಡುತ್ತಲೇ ಇತ್ತು. ದಂಟನ್ನು ಪಾತ್ರೆಗೆ ಹಾಕಿ ಎಲೆಯನ್ನು ಕಸದ ಕಡೆ ಎಸೆಯುತ್ತಿದ್ದಳು.

"ಒಂದ್ ವರ್ಷ ಬೈದೇನಿ ಅವರನ್ನ," ಅಂದಳು. "ಮಂದಿ ಮುಂದ ಬೈದೇನಿ."

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. ಆಮೇಲೆ, ನಿಮ್ಮ ಯಂತ್ರ ಅವರಿಗೆ ಏನಂತ ಹೇಳಿತ್ತು ಎಂದು ಕೇಳಿದಳು. ಇದೊಂದು ಪ್ರಶ್ನೆ ಬರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಸುಳ್ಳು ಹೇಳಬಹುದಿತ್ತು. ನನ್ನ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದನ್ನು ಬರೆದವಳು ನಾನೆಂದೂ ಹೇಳಿದೆ.

"ಅದು ನಾ ಅಂದಿದ್ದಲ್ಲ ಅಂತ ಅವರಿಗೆ ಇನ್ನ ಯಾರ ಹೇಳ್ತಾರ?" ಅಂದಳು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅರ್ಧ ಮುಚ್ಚಿಟ್ಟರೆ ಮತ್ತೆ ಅದೇ ಕೆಲಸ ಮಾಡಿದಂತಾಗುತ್ತದೆ ಅನ್ನಿಸಿತು. ಮಂಗಳವಾರ ಅವರು ಬಂದಿದ್ದನ್ನು ಹೇಳಿದೆ. ನಿನ್ನ ಕಿಟಕಿಯ ಮುಂದೆ ನಿಂತಿದ್ದರು, ಗುಳೇದಗುಡ್ಡದ ಬಸ್ಸು ಕೇಳಿದರು, ನೀನು ಹೇಳಿದೆ, ಹೋದರು ಅಂದೆ.

ಅಕ್ಕ ತಲೆಯೆತ್ತಿದಳು. ನಾನು ಹೇಳತೊಡಗಿದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ಯಾವ ಮಂಗಳವಾರ ಎಂದು ಕೇಳಿದಳು. ಹೇಳಿದೆ. ಎಷ್ಟೊತ್ತಿಗೆ ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗಿರಬೇಕು, ಸಂಜೆ ಮನೆಗೆ ಮುಟ್ಟಿದ್ದರಂತೆ ಅಂದೆ. ಆ ವಾರ ತಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ, ತಲೆಯೆತ್ತಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ ಅಂದಳು. ಗುಳೇದಗುಡ್ಡದ ಬಸ್ಸನ್ನು ದಿನಕ್ಕೆ ಮೂವತ್ತು ನಲವತ್ತು ಮಂದಿ ಕೇಳುತ್ತಾರೆ ಅಂದಳು. ಮುದುಕರು ಬಂದಿದ್ದರು, ಸಂತೆಗೆ ಬಂದವರಿದ್ದರು, ಒಬ್ಬ ಚೀಲ ಹೊತ್ತವನಿದ್ದ, ಒಬ್ಬ ಎರಡು ಸಲ ಕೇಳಿದ, ಅವನಿಗೆ ಬೋರ್ಡ್ ಕಾಣುವುದಿಲ್ಲವೇನು ಅಂತ ಗದರಿದ್ದೆ ಅಂದಳು. ಅವನೋ, ಬೇರೆ ಯಾರೋ. ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರನ್ನೇ ಕಿಟಕಿಯ ಮುಂದೆ ನಿಲ್ಲಿಸಿ ನೋಡುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು.

"ಅವತ್ತು ಯಾವ ಬಣ್ಣದ ಅಂಗಿ ಹಾಕ್ಕೊಂಡಿದ್ರಂತ? ಕೇಳಿದೇನು?"

ನಾನು ಅದನ್ನು ಕೇಳಿಕೊಂಡು ಬಂದಿರಲಿಲ್ಲ.